ಹಬ್ಬ ಬಜ್ಪೆಯಲ್ಲಿ, ಟೋಪಿ ನಮ್ಮ ತಲೆಗೆ

ಡಿಸೆಂಬರ್ ಅಂದ್ರೆ ಲೆಕ್ಕ ಬರೆಯೋ ಜನಕ್ಕೆ ಹಬ್ಬ ಮಾಡೋ ತಿಂಗಳೇ ಅಲ್ಲ ಕಣ್ರೀ. 11ಕ್ಕೆ ಮಾರಾಟದ ಲೆಕ್ಕ ಕೊಡೋ ಜಿಎಸ್‌ಟಿಆರ್-1, 15ಕ್ಕೆ ಅಡ್ವಾನ್ಸ್ ಟ್ಯಾಕ್ಸಿನ ಮೂರನೇ ಕಂತು, 20ಕ್ಕೆ ತಿಂಗಳ ಜಿಎಸ್‌ಟಿ ಕಟ್ಟೋ 3ಬಿ, 31ಕ್ಕೆ ವರ್ಷದ ಜಿಎಸ್‌ಟಿ ರಿಟರ್ನು, ಅದೇ 31ಕ್ಕೆ ಡೇಟೆಲ್ಲ ಮುಗಿದ ಮೇಲೆ ನಿದ್ದೆಯಿಂದ ಎದ್ದ ಪುಣ್ಯಾತ್ಮರ ಲೇಟ್ ಐಟಿ ರಿಟರ್ನು. ಇದರ ಮಧ್ಯ ಎಲ್ಲೋ 25 ಬರುತ್ತೆ, ಕ್ಯಾಲೆಂಡರಲ್ಲಿ ಕೆಂಪಗಿರುತ್ತೆ, ಅವತ್ತೊಂದು ದಿನ ಯಾವ ಕ್ಲೈಂಟೂ ಫೋನ್ ಮಾಡಲ್ಲ, ನಮ್ಮ ಪಾಲಿಗೆ ಕ್ರಿಸ್ಮಸ್ ಅಂದ್ರೆ ಇಷ್ಟೇ ಆಗಿತ್ತು. 2025ರ ತನಕ.

ನಮ್ದು ಏಳೇ ಏಳು ಜನರ ಕಂಪನಿ. ರಾಜಾಜಿನಗರದಲ್ಲಿ ಒಂದು ಸ್ವೀಟ್ ಅಂಗಡಿ ಮೇಲೆ ಆಫೀಸಿತ್ತು, 2020ರ ಲಾಕ್‌ಡೌನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಎತ್ಕೊಂಡು ಊರಿಗೆ ಹೋದ್ವಿ, ಸಾರ್ ಒಂದಷ್ಟು ತಿಂಗಳು ಕಾದು ನೋಡಿ ಬೀಗದಕೈ ಓನರಿಗೆ ಕೊಟ್ಟು ಅಡ್ವಾನ್ಸ್ ವಾಪಸ್ ಇಸ್ಕೊಂಡ್ರು, ಅದರಲ್ಲಿ ಪೇಂಟಿಂಗ್ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡಿದ್ದನ್ನ ಇವತ್ತಿಗೂ ಹೇಳ್ಕೊಂಡು ಕೊರಗ್ತಾರೆ. ಅಲ್ಲಿಂದೀಚೆಗೆ ಸಾರ್ ಬೆಂಗಳೂರು, ನಾನು ಹಾಸನ, ಒಬ್ಬ ಹುಡುಗ ಹುಬ್ಬಳ್ಳಿ, ಒಬ್ಬ ಮಂಡ್ಯ, ಒಬ್ಬಳು ಮೈಸೂರು, ಭಟ್ರು ಶಿರಸಿಯಿಂದ ಒಳಗೆ ಅಡಿಕೆ ತೋಟದ ಮನೆ, ಇನ್ನು ನಮ್ಮೆಲ್ಲರ ತಪ್ಪು ಹಿಡಿಯೋ ಸೀನಿಯರ್ ಮೇಡಂ ಮಂಗಳೂರು ಏರ್‌ಪೋರ್ಟ್ ಹತ್ರ ಬಜ್ಪೆ. ಕಾಲ್‌ನಲ್ಲಿ ಎಲ್ಲರಿಗೂ ಊರಿನ ಹೆಸರೇ ಖಾಯಂ ಆಗಿಬಿಟ್ಟಿದೆ. ಹುಬ್ಬಳ್ಳಿ ಮ್ಯೂಟಲ್ಲಿದೀಯ ನೋಡು, ಮಂಡ್ಯ ನೀನು ಫ್ರೀಜ್ ಆಗಿದೀಯ, ಹಿಂಗೇ, ಹೊರಗಿನವರು ಕೇಳಿದ್ರೆ ಹವಾಮಾನ ವರದಿ ಅನ್ಕೋಬೇಕು.

ಡಿಸೆಂಬರ್ ಮೊದಲ ವಾರ ಸಾರ್ ಕಣ್ಣಿಗೆ ಎಲ್ಲೋ ಒಂದು ಲೇಖನ ಬಿತ್ತು, ರಿಮೋಟ್ ಟೀಮ್ ಜೊತೆ ಕ್ರಿಸ್ಮಸ್ ಹೆಂಗೆ ಆಚರಿಸೋದು ಅಂತ. ಅಮೆರಿಕದವರಿಗೆ ಬರ್ದಿದ್ದು. ಗ್ರೂಪಿಗೆ ಫಾರ್ವರ್ಡ್ ಆಯ್ತು, ಕೆಳಗೆ 'ಲೆಟ್ಸ್ ಡೂ ದಿಸ್ ಟೀಮ್' ಅಂತ ಬೇರೆ. ಅದರಲ್ಲಿ ಎಲ್ಲರೂ ಶುಂಠಿ ಬಿಸ್ಕೆಟ್ಟಲ್ಲಿ ಪುಟ್ಟ ಮನೆ ಕಟ್ಟಿ ಕ್ಯಾಮೆರಾಗೆ ತೋರಿಸ್ಬೇಕಂತೆ. ನಮ್ಮ ಮಂಡ್ಯದವನು ಇರೋ ಮನೆ ಮೇಲೆ ಇನ್ನೊಂದು ಮಹಡಿ ಎತ್ತಕ್ಕೆ ಹೋಗಿ ಲೋನ್ ಸಿಗದೆ ನಿಲ್ಲಿಸಿದಾನೆ, ಬಿಸ್ಕೆಟ್ ಮನೆ ಎಲ್ಲಿ ಕಟ್ತಾನೆ. ಆಮೇಲೆ 'ಅಗ್ಲಿ ಸ್ವೆಟರ್' ಸ್ಪರ್ಧೆ, ಯಾರ ಸ್ವೆಟರ್ ನೋಡಕ್ಕೆ ಕೆಟ್ಟದಾಗಿದೆಯೋ ಅವರಿಗೆ ಬಹುಮಾನ. ಹಾಸನದ ಡಿಸೆಂಬರ್ ಚಳೀಲಿ ನಾವು ಹಾಕೋದೆಲ್ಲ ಅಂಥವೇ. ನಮ್ಮತ್ತೆ ಉಳಿದ ಉಲ್ಲನ್ನೆಲ್ಲ ಸೇರಿಸಿ ಹೆಣೆದುಕೊಟ್ಟ ಸ್ವೆಟರ್ ಇದೆ, ಒಂದು ತೋಳು ಪಾಚಿ ಹಸಿರು, ಇನ್ನೊಂದು ಕಾವಿ, ಅದನ್ನ ಸ್ಪರ್ಧೆಗೆ ಹಾಕ್ಕೊಂಡಿದೀನಿ ಅಂತ ಅತ್ತೆ ಕಿವಿಗೆ ಬಿದ್ರೆ ಮುಂದಿನ ಯುಗಾದಿಗೆ ಅವರ ಮನೆ ಮೆಟ್ಟಿಲು ಹತ್ತೋ ಹಂಗಿಲ್ಲ. ಕೊನೆಗೆ ಡ್ರೆಸ್ ಕೋಡ್ ಕೆಂಪು, ಎಲ್ಲರಿಗೂ ಸಾಂಟಾ ಟೋಪಿ, ಕೇಕ್, ಸೀಕ್ರೆಟ್ ಸಾಂಟಾ (ಚೀಟೀಲಿ ಬಂದವರಿಗೆ ನಮ್ಮ ಹೆಸರು ಹೇಳದೆ ಗಿಫ್ಟ್ ಕಳಿಸೋ ಆಟ), ಕ್ವಿಜ್, ಇಷ್ಟು ಅಂತ ಆಯ್ತು. 24ನೇ ತಾರೀಖು ಸಾಯಂಕಾಲ ಐದು ಗಂಟೆ.

ಎಲ್ಲರೂ ಹೆಬ್ಬೆಟ್ಟು ಒತ್ತಿದ್ವಿ. ಸ್ವಲ್ಪ ಹೊತ್ತು ಬಿಟ್ಟು ಬಜ್ಪೆಯಿಂದ ಮೆಸೇಜು: "ಸರ್, 24ಕ್ಕೆ ನನಗೆ ಆಗ್ಲಿಕ್ಕಿಲ್ಲ. ಮನೆಯಲ್ಲಿ ತುಂಬಾ ಕೆಲಸ ಉಂಟು, ರಾತ್ರಿ ಪೂಜೆಗೆ ಚರ್ಚಿಗೆ ಹೋಗ್ಬೇಕು. ನಮ್ಗೆ ಕ್ರಿಸ್ಮಸ್ ಅಲ್ವಾ."

ಗ್ರೂಪು ಗಪ್‌ಚಿಪ್. ಏಳು ಜನರಲ್ಲಿ ಹಬ್ಬ ಇರೋದು ಅವರೊಬ್ಬರಿಗೆ, ನಾವು ಆರು ಜನ ಸೇರಿ ಅವರಿಗೆ ಬಿಡುವಿಲ್ಲದ ಏಕೈಕ ದಿನ ಹುಡುಕಿ ಪಾರ್ಟಿ ಇಟ್ಟಿದ್ವಿ. ಸರಿ, 23ಕ್ಕೆ ಬಂತು. ಮೇಡಂ "ಬರ್ತೇನೆ, ಆದ್ರೆ ಅಡಿಗೆಮನೆಯಿಂದ" ಅಂದ್ರು.

ಸೀಕ್ರೆಟ್ ಸಾಂಟಾಗೆ ಚೀಟಿ ಎತ್ತೋ ಬದಲು ಮೈಸೂರು ಹುಡುಗಿ ಎಕ್ಸೆಲ್‌ನಲ್ಲಿ ಫಾರ್ಮುಲಾ ಹಾಕಿದ್ಲು, ಲೆಕ್ಕದವರು ಇನ್ನೇನು ಮಾಡ್ತಾರೆ. ಬಜೆಟ್ 300 ರೂಪಾಯಿ. ಹುಬ್ಬಳ್ಳಿಯವನ ಮೊದಲ ಪ್ರಶ್ನೆ, "ಸರ, ಇದು ಜಿಎಸ್‌ಟಿ ಸೇರ್ಸೇನ್ರಿ, ಬ್ಯಾರೆನ?" ಎರಡನೇದು, "ಕಂಪನಿ ಹೆಸರಿಗೆ ಬಿಲ್ ಮಾಡ್ಸಿದ್ರ ಇನ್‌ಪುಟ್ ಕ್ರೆಡಿಟ್ ಬರತೈತೇನ್ರಿ?" ಅಷ್ಟರಲ್ಲಿ ಬಜ್ಪೆಯಿಂದ ಒಂದೇ ಸಾಲು ಬಂತು: 17(5)(ಹೆಚ್) ಓದು. ಅಂದ್ರೆ ಗಿಫ್ಟ್ ಅಂತ ಕೊಟ್ಟ ಮಾಲಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನ ನಾವು ಕಟ್ಟೋ ತೆರಿಗೇಲಿ ಮುರ್ಕೊಳ್ಳೋ ಹಂಗಿಲ್ಲ, ಆ ಕ್ರೆಡಿಟ್ ಸಿಗಲ್ಲ ಅಂತ ಜಿಎಸ್‌ಟಿ ಕಾನೂನೇ ಇದೆ. ಸಾಂಟಾ ಕ್ಲಾಸ್ ಇಂಡಿಯಾದಲ್ಲಿ ರಿಜಿಸ್ಟರ್ ಆಗಿದ್ರೆ ಪಾಪ ಮೊದಲ ವರ್ಷಾನೇ ಅಂಗಡಿ ಮುಚ್ಚಿರೋನು.

ಸೀಕ್ರೆಟ್ ಅನ್ನೋದು ಪಾರ್ಸಲ್ ಪ್ಯಾಕ್ ಮಾಡೋ ತನಕ ಮಾತ್ರ ಇತ್ತು ಅನ್ನಿ. ಕೊರಿಯರಿನವರು ಕಳಿಸೋರ ಹೆಸರು, ಫೋನ್ ನಂಬರ್ ಇಲ್ಲದೆ ಪಾರ್ಸಲ್ ಮುಟ್ಟಲ್ಲ, ತಗೊಂಡ ಮೇಲೆ ಆ ಹೆಸರನ್ನೇ ಎಸ್ಸೆಮ್ಮೆಸ್ ಮಾಡಿ ಆ ಕಡೆಯವರಿಗೆ ಮುಂಚೇನೇ ಡಂಗೂರ ಸಾರ್ತಾರೆ. ಅದಿಲ್ಲದಿದ್ರೂ ಗೊತ್ತಾಗ್ತಿತ್ತು ಬಿಡಿ. ಮೈಸೂರು ಹುಡುಗಿಗೆ ಧಾರವಾಡ ಪೇಡಾ ಬಂತು, ಕಳಿಸಿದ್ದು ಮಂಡ್ಯದವನು ಅನ್ನಕ್ಕಾಗುತ್ತಾ? ನನಗೆ ಬಂದ ಡಬ್ಬದಲ್ಲಿ ತೊಡೆದೇವಿತ್ತು. ಬೋರಲು ಹಾಕಿದ ಮಡಕೆ ಮೇಲೆ ಕಬ್ಬಿನಹಾಲು ಅಕ್ಕಿಹಿಟ್ಟು ಸವರಿ ಎಬ್ಬಿಸೋ ಪದಾರ್ಥ, ಪೇಪರಿಗಿಂತ ತೆಳ್ಳಗಿರುತ್ತೆ, ಕೈಯಲ್ಲಿ ಹಿಡಿದ್ರೇ ಮುರಿಯುತ್ತೆ. ಅದು ಘಟ್ಟದ ರಸ್ತೆ, ಹುಬ್ಬಳ್ಳಿ ಗೋಡೌನು, ಬೆಂಗಳೂರು ಗೋಡೌನು ಎಲ್ಲ ಯಾತ್ರೆ ಮುಗಿಸ್ಕೊಂಡು ಹಾಸನಕ್ಕೆ ಬರೋ ಹೊತ್ತಿಗೆ ಭಸ್ಮ. ಭಟ್ರಿಗೆ ಥ್ಯಾಂಕ್ಸ್ ಹೇಳಕ್ಕೆ ಫೋನ್ ಮಾಡಿದ್ರೆ "ನಾ ಕಳ್ಸಿದ್ದು ಅಂತ ಯಾರ್ ಹೇಳಿದ್ರು ಮಾರಾಯ್ರೇ, ಸೀಕ್ರೆಟ್ ಅಲ್ದಾ" ಅಂತ ಆಣೆ ಪ್ರಮಾಣಕ್ಕೆ ಇಳಿದ್ರು. ಹಾಲಿಗೆ ಹಾಕ್ಕೊಂಡು ಚಮಚದಲ್ಲಿ ತಿಂದೆ, ರುಚಿ ಏನೂ ಕಮ್ಮಿ ಇರ್ಲಿಲ್ಲ. ಭಟ್ರಿಗೆ ಬರಬೇಕಿದ್ದ ಪಾರ್ಸಲ್ ಮಾತ್ರ ಶಿರಸಿ ಪೇಟೆಯಲ್ಲೇ ಕೂತಿತ್ತು, ಒಳಗೆ ಡೆಲಿವರಿ ಇಲ್ಲ ಬಂದು ಒಯ್ಯಿರಿ ಅಂದ್ರಂತೆ, ಧನುರ್ಮಾಸ, ಬೆಳಿಗ್ಗೆ ದೇವಸ್ಥಾನದ ಪೂಜೆ, ಮೇಲಿಂದ ಅಡಿಕೆ ಕೊಯ್ಲು, ಭಟ್ರಿಗೂ ಪುರುಸೊತ್ತಿಲ್ಲ.

ಕೇಕಿಂದು ಇನ್ನೊಂದು ಕತೆ. ಅವರವರ ಊರಲ್ಲೇ ತಗೊಳ್ಳಿ, ಬಿಲ್ ಹಾಕಿ, ದುಡ್ಡು ಕೊಡ್ತೀನಿ ಅಂದ್ರು ಸಾರ್. ನಾನು ಅಯ್ಯಂಗಾರ್ ಬೇಕರಿಗೆ ಹೋಗಿ ಎಗ್‌ಲೆಸ್ ಪ್ಲಮ್ ಕೇಕ್ ತಂದೆ, ಅಲ್ಲಿಗೆ ಮುಗೀತು. ಮಂಡ್ಯದವನು 400 ರೂಪಾಯಿ ಕೇಕಿಗೆ 472 ಕೊಟ್ಟು ಬಿಲ್ಲಿನ ಫೋಟೋ ಗ್ರೂಪಿಗೆ ಹಾಕಿದ. ಹಿಟ್ಟು ಕಲಸ್ತಿದ್ದ ಕೈಯಲ್ಲೇ ಅದನ್ನ ದೊಡ್ಡದು ಮಾಡಿ ನೋಡಿರ್ಬೇಕು ಬಜ್ಪೆ ಮೇಡಂ. ಕೇಕ್ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದಲೇ 18ರಿಂದ 5 ಪರ್ಸೆಂಟಿಗೆ ಇಳಿದಿದೆ, 420 ಆಗ್ಬೇಕು, 52 ರೂಪಾಯಿ ವಾಪಸ್ ತಗೊಂಡು ಬಾ. ಅವನು ಹೋದ. ಬೇಕರಿಯವರು ಕಂಪ್ಯೂಟರಲ್ಲಿ ಹಳೇ ರೇಟೇ ಇತ್ತು ಸಾ, ಬೇಜಾರ್ ಮಾಡ್ಕೋಬೇಡಿ ಅಂತ ಚಿಲ್ಲರೆ ಬದಲು ಎರಡು ಎಗ್ ಪಫ್ಸು, ಒಂದು ಪ್ಯಾಕೆಟ್ ಖಾರ ಬಿಸ್ಕೆಟ್ ಕೈಗಿಟ್ರು. ಇವನು ಪಫ್ಸನ್ನ ಅಲ್ಲೇ ನಿಂತು ಮುಗಿಸಿದ. ಈಗ ಕಂಪನಿ ಅವನಿಗೆ 472 ಕೊಡ್ಬೇಕಾ 420 ಕೊಡ್ಬೇಕಾ, ಪಫ್ಸನ್ನ ಯಾವ ಹೆಡ್ಡಿಗೆ ಹಾಕೋದು ಅಂತ ನಡೆದ ಚರ್ಚೆ 3ಬಿ ಟೈಮಲ್ಲೂ ನಡೆದಿಲ್ಲ.

23ರ ಐದು ಗಂಟೆ ಬಂತು. ಕೆಂಪು ಅಂದಿದ್ದಕ್ಕೆ ಮೂರು ಜನ ಆರ್‌ಸಿಬಿ ಜೆರ್ಸಿ. ಹುಬ್ಬಳ್ಳಿಯವನು ರಾಜ್ಯೋತ್ಸವದ ಶಲ್ಯ ಹೊದ್ಕೊಂಡಿದ್ದ, "ಅರ್ಧ ಕೆಂಪ ಐತಲ್ರಿ ಸರ." ಭಟ್ರಿಗೆ ಟೋಪಿ ಸಿಕ್ಕಿಲ್ಲ, ಮಂಕಿ ಕ್ಯಾಪ್ ಹಾಕಿ ಮೇಲೆ ಹತ್ತಿ ಉಂಡೆ ಅಂಟಿಸ್ಕೊಂಡು ಬಂದ್ರು, ಸತ್ಯ ಹೇಳ್ಬೇಕಂದ್ರೆ ನಮ್ಮೆಲ್ಲರಿಗಿಂತ ಅವರೇ ಚೆನ್ನಾಗಿ ಕಾಣ್ತಿದ್ರು. ಸಾರ್ ಟೋಪಿ ಜೊತೆ ಕ್ಯಾಮೆರಾದಲ್ಲಿ ಬಿಳಿ ಗಡ್ಡದ ಫಿಲ್ಟರ್ ಬೇರೆ ಹಾಕಿದ್ರು, ತಲೆ ಅಲ್ಲಾಡಿಸಿದ್ರೆ ಗಡ್ಡ ಒಂಚೂರು ಲೇಟಾಗಿ ಹಿಂದೆ ಬರ್ತಿತ್ತು. ನನ್ನ ಹಿಂದೆ ಅಮ್ಮ, ಕಾಲ್ ಅಂತ ಹೇಳಿದ್ರೂ ಕೇಳದೆ ಮೊರ ತುಂಬ ನೆನೆಸಿದ ಅವರೆಕಾಳು ಇಟ್ಕೊಂಡು ಚಿಟಿಕಿ ಚಿಟಿಕಿ ಬೇಳೆ ಹಿದುಕ್ತಾ ಕೂತಿದ್ರು, ಡಿಸೆಂಬರಲ್ಲಿ ನಮ್ಮನೇಲಿ ಆ ಜಾಗ ಅವರದ್ದೇ.

ಬಜ್ಪೆ ಮೇಡಂ ಮೊಬೈಲನ್ನ ಯಾವುದೋ ಡಬ್ಬಕ್ಕೆ ಒರಗಿಸಿದ್ರು, ಟೋಪಿ ಇಲ್ಲ, ಕೆಂಪಿಲ್ಲ, ಹಳೇ ನೈಟಿ ಮೇಲೊಂದು ಟವೆಲ್ಲು. ಮುಖ ಅರ್ಧ, ಕೈ ಮಾತ್ರ ಪೂರ್ತಿ ಕಾಣ್ತಿತ್ತು. ಕುಸ್ವಾರ್ ನಡೀತಿತ್ತು, ಅಂದ್ರೆ ಕ್ರಿಸ್ಮಸ್ಸಿಗೆ ಅಂತ ಮಾಡೋ ಅಷ್ಟೂ ತಿಂಡಿ. ಗೋಲಿಯಷ್ಟು ಹಿಟ್ಟು ತಗೊಳ್ಳೋದು, ಫೋರ್ಕಿನ ಬೆನ್ನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಂಗೇ ಸುತ್ತೋದು, ಗೀರು ಗೀರಾಗಿ ಸುರುಳಿ ಆಗಿ ಬೀಳುತ್ತೆ, ಅದು ಕಿಡಿಯೊ. ಪಕ್ಕದಲ್ಲಿ ಇನ್ನೂ ನಾಲ್ಕು ಕೈ ಅದೇ ಕೆಲಸ ಮಾಡ್ತಿತ್ತು, ಕೊಂಕಣಿಯಲ್ಲಿ ಯಾರೋ ಯಾರಿಗೋ ಬೈತಿದ್ರು. ಆರು ಜನ ಟೋಪಿ ಹಾಕ್ಕೊಂಡು ಅದನ್ನೇ ಬಾಯಿ ಬಿಟ್ಟು ನೋಡ್ತಾ ಕೂತ್ವಿ, ಸಾರ್ ಪ್ಲಾನ್ ಮಾಡಿದ್ದ ಗೇಮ್ ಯಾರಿಗೂ ಬೇಕಾಗ್ಲಿಲ್ಲ.

ಸಾರ್ ಬಿಡ್ಬೇಕಲ್ಲ. "ಮೇಡಂ, ನಿಮ್ಮ ಚಿಕ್ಕ ವಯಸ್ಸಿನ ಕ್ರಿಸ್ಮಸ್ ನೆನಪು ಏನಾದ್ರೂ ಹಂಚ್ಕೊಳ್ಳಿ."

"ನೆನಪು ಎಲ್ಲ ಮತ್ತೆ ಹೇಳ್ತೇನೆ ಸರ್, ಈಗ ಎಣ್ಣೆ ಕಾದಿದೆ."

ಆಮೇಲೆ ಕ್ವಿಜ್ಜು. ಮೊದಲ ಪ್ರಶ್ನೆ, ಇಂಡಿಯಾದ ಮೊದಲ ಕ್ರಿಸ್ಮಸ್ ಕೇಕ್ ಮಾಡಿದ್ದು ಅಂತ ಯಾರ ಹೆಸರು ಹೇಳ್ತಾರೆ? ಉತ್ತರವನ್ನೂ ಸಾರೇ ಶುರು ಮಾಡಿದ್ರು. 1883, ತಲಶ್ಶೇರಿ, ಮಂಬಳ್ಳಿ ಬಾಪು ಅಂತ ಬೇಕರಿಯವರು, ಮರ್ಡೋಕ್ ಬ್ರೌನ್ ಅನ್ನೋ ತೋಟದ ದೊರೆ ಇಂಗ್ಲೆಂಡಿನ ಕೇಕ್ ತಂದು ತೋರಿಸಿ ಇಂಥದ್ದೇ ಮಾಡು, ಬ್ರಾಂದಿ ಹಾಕು ಅಂದನಂತೆ, ಬಾಪು ಅದು ಬಿಟ್ಟು ಊರಲ್ಲೇ ಇಳಿಸಿದ ಗೇರುಹಣ್ಣಿನ ಸಾರಾಯಿ, ಕದಳಿ ಬಾಳೆಹಣ್ಣು ಹಾಕಿದ. ಸಾರಾಯಿ ಅಂದ ತಕ್ಷಣ ಬೇಳೆ ಹಿದುಕ್ತಿದ್ದ ಕೈ ನಿಂತು ಅಮ್ಮ ಹಿಂದಿನಿಂದ "ನೀನು ತಂದಿರೋದ್ರಲ್ಲೂ ಹಾಕಿದ್ದಾರೇನೋ?" ಅಂತ ಗಟ್ಟಿಯಾಗಿ ಕೇಳಿದ್ರು, ಮ್ಯೂಟ್ ಇರ್ಲಿಲ್ಲ. ಭಟ್ರು ಗೇರುಹಣ್ಣು ಕೊಳೆಸೋ ಕ್ರಮ ಬಹಳ ವಿವರವಾಗಿ ಹೇಳಕ್ಕೆ ಶುರು ಮಾಡಿದ್ರು, ನಮಗ್ಯಾರಿಗೂ ಅವರ ಈ ವಿದ್ಯೆ ಗೊತ್ತಿರ್ಲಿಲ್ಲ, ಒಳ್ಳೇ ಘಟ್ಟಕ್ಕೆ ಬಂದಿದ್ರು, 40 ನಿಮಿಷ ಆಯ್ತು. ನಮ್ದು ವಿಡಿಯೋ ಕಾಲಿನ ಪುಕ್ಕಟೆ ಪ್ಲಾನು, ಅಷ್ಟಕ್ಕೇ ತಾನಾಗೇ ಕಟ್ ಆಗುತ್ತೆ. ಎಲ್ಲರೂ ಪಟ್ ಅಂತ ಮಾಯ. ಕೇಕ್ ಕಟ್ ಮಾಡಿರ್ಲಿಲ್ಲ. ತಿರುಗ ಲಿಂಕ್ ಬರೋ ಹೊತ್ತಿಗೆ ಮಂಡ್ಯದಲ್ಲಿ ಕರೆಂಟ್ ಹೋಗಿತ್ತು, ಹುಬ್ಬಳ್ಳಿಯವನು ಕೇಕನ್ನ ಆಗಲೇ ಅರ್ಧ ತಿಂದಿದ್ದ.

24ರ ಬೆಳಿಗ್ಗೆ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ಜೊತೆ ಕಾಲ್ ಇತ್ತು, ಡಿಪಾರ್ಟ್‌ಮೆಂಟಿಂದ ನೋಟಿಸ್ ಬಂದಿದೆ ಅಂತ ಪಾಪ ಅವರು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ರು. ಸಾರ್ ಕ್ಯಾಮೆರಾ ಆನ್ ಮಾಡಿದ್ರು, ಗಡ್ಡ ಹಂಗೇ ಇದೆ. ಫಿಲ್ಟರ್ ಆಫ್ ಆಗ್ತಿಲ್ಲ, ಕ್ಯಾಮೆರಾ ಮುಚ್ಚಕ್ಕೂ ಆಗಲ್ಲ, ಪೇಪರ್ ತೋರಿಸ್ಬೇಕು. ಕೆಂಪು ಟೋಪಿ ಬಿಳಿ ಗಡ್ಡದಲ್ಲೇ ಬಡ್ಡಿ ಎಷ್ಟು, ದಂಡ ಎಷ್ಟು, ಅಪೀಲ್ ಹೋದ್ರೆ ಎಷ್ಟು ಕಟ್ಬೇಕು ಎಲ್ಲ ವಿವರಿಸಿದ್ರು. ಅವರು ಎಲ್ಲ ಕೇಳಿಸ್ಕೊಂಡು ಕೊನೆಗೆ ನಿಧಾನಕ್ಕೆ, "ಸಾರ್, ಇದು ನಿಜವಾದ ನೋಟಿಸ್ಸಾ, ಇಲ್ಲ ನಿಮ್ಮ ಪ್ರೋಗ್ರಾಮಾ?" ಅಂದ್ರು.

ಹಬ್ಬ ಮುಗಿದ ಮೇಲೆ ಬಜ್ಪೆಯಿಂದ ಎಲ್ಲರ ಮನೆಗೂ ಒಂದೊಂದು ಡಬ್ಬ ಬಂತು. ಕಿಡಿಯೊ, ನೆವ್ರಿ, ಗುಲಾಬಿ ಹೂವಿನ ಹಂಗಿರೋ ಕೊಕ್ಕಿಸ್, ಚಕ್ಕುಲಿ, ಒಂದೂ ಮುರಿದಿರ್ಲಿಲ್ಲ, ಸಂದಿಗೆಲ್ಲ ಹಳೇ ಪೇಪರ್ ತುರುಕಿ ಪ್ಯಾಕ್ ಮಾಡಿದ್ರು, ಮೇಲೆ ಯಾವುದ್ರಲ್ಲಿ ಮೊಟ್ಟೆ ಇದೆ ಯಾವುದ್ರಲ್ಲಿ ಇಲ್ಲ ಅಂತ ಚೀಟಿ. ಅಮ್ಮ ಚೀಟಿ ಓದಿ ನೆವ್ರಿ ಕಚ್ಚಿ ನೋಡಿ, "ಇದು ನಮ್ಮ ಕರ್ಜಿಕಾಯಿನೇ ಅಲ್ವೇನೋ, ಆದ್ರೆ ಇಷ್ಟು ಗರಿಗರಿ ಹೆಂಗೆ ಬಂತು" ಅಂತ ಮೇಡಂ ನಂಬರ್ ಇಸ್ಕೊಂಡ್ರು. ರವೆ ಎಷ್ಟು, ಎಣ್ಣೆ ಎಷ್ಟು ಕಾಯ್ಬೇಕು ಅನ್ನೋದ್ರಿಂದ ಶುರುವಾದ ಮಾತು ಸಂಕ್ರಾಂತಿ ಎಳ್ಳಿನ ಹೊತ್ತಿಗೆ ಎಲ್ಲೆಲ್ಲೋ ಹೋಗಿದೆ. ಮೊನ್ನೆ ಆಫೀಸಲ್ಲಿ ಕೆಲಸ ಜಾಸ್ತಿ ಇದೆ, ಅತ್ತೆ ಮನೆ ಗೃಹಪ್ರವೇಶಕ್ಕೆ ಬರಕ್ಕೆ ರಜಾ ಸಿಗಲ್ಲ ಅಂದೆ. ಅಮ್ಮ ಅವರೆಕಾಯಿ ಸುಲೀತಾ ತಲೆ ಎತ್ತದೆ, "ನಿಂದು ಇನ್ನೂ ಒಂಬತ್ತು ರಜಾ ಇದ್ಯಂತಲ್ಲ" ಅಂದ್ರು.