ಮದ್ದಳೆ ಯಾರು ಮಾಡಿದ್ದು ಅಂತಲೂ ಕೇಳಿ

ನಿನ್ನೆ ಕುಂಬಳೆ ಹತ್ತಿರ ಯಕ್ಷಗಾನ ತಾಳಮದ್ದಳೆಯ ಒಂದು ಕೂಟವಿತ್ತು. ಊಟದ ಹೊತ್ತಿಗೆ ಒಬ್ಬರು ಹೇಳಿದ ಮಾತು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ನನ್ನ ಜೊತೆ ಮದ್ದಳೆ ನುಡಿಸುವ ಹುಡುಗ ಮುಚ್ಚಿಗೆ, ಅಂದರೆ ಮದ್ದಳೆಯ ಬಾಯಿಗೆ ಬಿಗಿಯುವ ಚರ್ಮ, ಹಾಕಿಸಲು ಕೆಲಸಕ್ಕೆ ರಜೆ ಮಾಡಿ, ಬಸ್ಸು ಬದಲಿಸಿ ಬದಲಿಸಿ ದೂರದ ಒಂದು ಊರಿಗೆ ಹೋಗಿ ಬಂದಿದ್ದ. ಆ ವಿಷಯ ಹೇಗೋ ಎದ್ದಿತು. ಎದುರು ಕೂತಿದ್ದವರು ಸಾರಿಗೆ ಕೈ ಹಾಕುತ್ತಾ ಹೇಳಿದರು, “ಎಂತಕ್ಕೆ ಮಾರಾಯ ಅಷ್ಟು ದೂರ? ಯಾರು ಮಾಡಿದ್ರೂ ಮದ್ದಳೆ ಮದ್ದಳೆಯೇ ಅಲ್ವಾ? ಆನ್‌ಲೈನ್‌ನಲ್ಲಿ ಹಾಕಿದ್ರೆ ಮನೆ ಬಾಗಿಲಿಗೇ ಬರ್ತದೆ.”

ಪಂಕ್ತಿಯಲ್ಲಿದ್ದವರು ನಕ್ಕರು. ಹುಡುಗ ತಲೆ ತಗ್ಗಿಸಿ ಉಂಡ. ಕೂಟ ಶುರುವಾಗುವ ಹೊತ್ತು, ಊಟದ ಎಲೆಯ ಮುಂದೆ ಜಗಳ ಬೇಡ ಅಂತ ನಾನು ಮಾತಾಡಲಿಲ್ಲ. ಈಗ ಮಾತಾಡುತ್ತೇನೆ.

ನಾನು ಮೇಳದ ಕಲಾವಿದ ಅಲ್ಲ, ನಿಮಗೆ ಗೊತ್ತೇ ಇದೆ. ಹಗಲು ಶಾಲೆ, ರಾತ್ರಿ ಎಲ್ಲಾದರೂ ಕೂಟ ಇದ್ದರೆ ಅಲ್ಲಿ. ಆದರೆ ಈ ಒಂದು ವಿಷಯದಲ್ಲಿ ಹವ್ಯಾಸಿ, ವೃತ್ತಿಯವ ಅಂತ ವ್ಯತ್ಯಾಸ ಇಲ್ಲ. ಮದ್ದಳೆಯವನಿಗೆ ತನ್ನ ಮುಚ್ಚಿಗೆ ಮಾಡುವವರು ಅಂದರೆ ಒಬ್ಬರೇ. ಅವರಿಗೆ ಹುಷಾರಿಲ್ಲ ಅಂತ ಗೊತ್ತಾದರೆ ಮನೆಯವರಿಗೆ ಹುಷಾರಿಲ್ಲದಷ್ಟೇ ಚಿಂತೆ. ಇದನ್ನು ಹಠ ಅನ್ನುತ್ತಾರೆ, ಮೂಢನಂಬಿಕೆ ಅನ್ನುತ್ತಾರೆ. ಹಾಗೆ ಹೇಳುವವರು ಒಂದು ಸಲವಾದರೂ ಮದ್ದಳೆ ತೊಡೆಯ ಮೇಲೆ ಇಟ್ಟುಕೊಂಡಿದ್ದಾರಾ?

ಮದ್ದಳೆ ಅಂಗಡಿಯಿಂದ ತಂದ ದಿನಕ್ಕೆ ಮುಗಿದುಹೋಗುವ ವಸ್ತು ಅಲ್ಲ. ಮರದ ಕಳಸಿಗೆ, ಅಂದರೆ ಅದರ ಒಡಲು, ತಲೆಮಾರು ಬಾಳುತ್ತದೆ. ನನ್ನದು ಹಲಸಿನ ಮರದ್ದು, ಅಪ್ಪನ ಕಾಲದ್ದು. ಮುಚ್ಚಿಗೆ ಹಾಗಲ್ಲ. ಅದು ಚರ್ಮ. ಸವೆಯುತ್ತದೆ, ಸಡಿಲಾಗುತ್ತದೆ, ನಡುವಿನ ಕಪ್ಪು ಹಿಟ್ಟು, ಅಂದರೆ ಕರ್ಣ, ಬಿರಿಯುತ್ತದೆ, ನಾದ ಸತ್ತುಹೋಗುತ್ತದೆ. ಮತ್ತೆ ಹಾಕಿಸಬೇಕು. ಅಂದರೆ ಮದ್ದಳೆ ಮಾಡುವ ಕೆಲಸ ನಾವು ನುಡಿಸುವಷ್ಟು ಕಾಲವೂ ನಡೆಯುತ್ತಲೇ ಇರುತ್ತದೆ. ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಸಂಬಂಧ ಹುಟ್ಟುವುದೇ ಇಲ್ಲಿ. ಪೆಟ್ಟಿಗೆಯಲ್ಲಿ ಬಂದ ಮದ್ದಳೆಯ ಕರ್ಣ ಒಂದು ಮೂಲೆ ಎದ್ದರೆ ಅದನ್ನು ಯಾರ ಹತ್ತಿರ ತೆಗೆದುಕೊಂಡು ಹೋಗುತ್ತೀರಿ?

ಮುಚ್ಚಿಗೆ ಮಾಡುವ ನಮ್ಮ ಮೇಸ್ತ್ರಿಯವರ ಹತ್ತಿರ ಹೋದರೆ ಅವರು ಮದ್ದಳೆಯನ್ನು ತಕ್ಷಣ ಬಿಚ್ಚುವುದಿಲ್ಲ. “ಒಮ್ಮೆ ನುಡಿಸಿ ಮಾಷ್ಟ್ರೇ” ಅನ್ನುತ್ತಾರೆ. ಹಾಳಾದ ಮುಚ್ಚಿಗೆಯಲ್ಲೇ ನುಡಿಸಬೇಕು. ಅವರ ಕಣ್ಣು ನನ್ನ ಬೆರಳ ಮೇಲೆ ಇರುತ್ತದೆ. ಆಮೇಲೆ ಹಳೇ ಮುಚ್ಚಿಗೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಜಾಸ್ತಿ ಸವೆದಿದೆ ಅಂತ ಹೆಬ್ಬೆರಳಲ್ಲಿ ಸವರಿ ನೋಡುತ್ತಾರೆ. ಒಮ್ಮೆ ಹಾಗೆ ನೋಡಿ ಹೇಳಿದರು, “ನಿಮ್ಮ ತೋರುಬೆರಳಿನ ಪೆಟ್ಟು ಈಗ ಮೊದಲಿನಷ್ಟು ಭಾರ ಇಲ್ಲ. ಹೊರಗಿನ ಚರ್ಮ ಸ್ವಲ್ಪ ತೆಳು ಹಾಕುವಾ. ಕೈಗೆ ಸುಲಭ.” ನನ್ನ ಬೆರಳಿನ ಗಂಟು ನೋಯಲು ಶುರುವಾಗಿ ಕೆಲವು ತಿಂಗಳಾಗಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ.

ಕರ್ಣ ಹಾಕುವುದನ್ನು ಪಕ್ಕದಲ್ಲಿ ಕೂತು ನೋಡಿದವರಿಗೆ ‘ಯಾರು ಮಾಡಿದ್ರೂ ಒಂದೇ’ ಅನ್ನಲು ನಾಲಿಗೆ ಬರುವುದಿಲ್ಲ. ಅನ್ನ ಮತ್ತು ಕಪ್ಪು ಹುಡಿಯನ್ನು ಅರೆದು ನುಣ್ಣಗೆ ಮಾಡಿದ ಹಿಟ್ಟು. ಅದರಿಂದ ಬೆರಳ ತುದಿಯಷ್ಟು ತೆಗೆದು ಮುಚ್ಚಿಗೆಯ ನಡುವೆ ಹಚ್ಚುತ್ತಾರೆ. ಆಮೇಲೆ ನುಣುಪು ಕಲ್ಲಿನಿಂದ ತಿಕ್ಕುತ್ತಾರೆ. ಅದು ಒಣಗಿ ಕಲ್ಲಿನಡಿಯಲ್ಲಿ ಸದ್ದು ಬದಲಾಗುವವರೆಗೆ ತಿಕ್ಕುತ್ತಲೇ ಇರುತ್ತಾರೆ. ಆಮೇಲೆ ಇನ್ನೊಂದು ಪದರ. ಮತ್ತೆ ತಿಕ್ಕುವುದು. ಅವಸರ ಮಾಡಿದರೆ ನಾಲ್ಕು ಕೂಟಕ್ಕೆ ಕರ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ದಪ್ಪವಾದರೆ ಶ್ರುತಿ ಕೆಳಗೆ ಇಳಿಯುತ್ತದೆ, ತೆಳುವಾದರೆ ನಾದಕ್ಕೆ ಮೈ ಇರುವುದಿಲ್ಲ. ಇಷ್ಟು ಸಾಕು ಅಂತ ಹೇಳುವ ಅಳತೆಗೋಲು ಯಾವುದೂ ಅಲ್ಲಿ ಇಲ್ಲ. ನಡುನಡುವೆ ಬೆರಳಲ್ಲಿ ಒಂದು ತಟ್ಟು, ತಲೆ ಸ್ವಲ್ಪ ವಾಲಿಸಿ ಕೇಳುವುದು, ಅಷ್ಟೇ. ಆ ಕಿವಿಯನ್ನು ನಂಬಿ ನಾವು ಹೋಗುತ್ತೇವೆ.

ಅವರು ಕೇಳುವ ಪ್ರಶ್ನೆಗಳೂ ಅಂಗಡಿಯವರು ಕೇಳುವಂಥದ್ದಲ್ಲ. ಯಾವ ಭಾಗವತರ ಜೊತೆ ಜಾಸ್ತಿ ಕೂರುತ್ತೀರಿ? ಅವರ ಶ್ರುತಿ ಎಷ್ಟು? ಮಳೆಗಾಲದ ಕೂಟಕ್ಕೋ, ಪತ್ತನಾಜೆಗೆ ಮೇಳಗಳು ತಿರುಗಾಟ ನಿಲ್ಲಿಸುವವರೆಗಿನ ಆಟಕ್ಕೋ? ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಯ ತೇವದಲ್ಲಿ ಚರ್ಮ ಹೇಗೆ ಜೋತು ಬೀಳುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಭಾಗವತರು ಏರುಶ್ರುತಿಯಲ್ಲಿ ಹಾಡುವಾಗ ಮದ್ದಳೆ ಕೆಳಗೆ ಜಾರಿದರೆ ಇಡೀ ಕೂಟವೇ ಜಾರಿತು. ಇದೆಲ್ಲ ಗೊತ್ತಿದ್ದು ಚರ್ಮ ಆರಿಸುವವರು ಬೇಕು. ಎಲ್ಲೋ ದೂರದ ಗೋದಾಮಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟ ಮದ್ದಳೆಗೆ ನಮ್ಮ ಆಟಿ ಗೊತ್ತಾ, ನಮ್ಮ ಭಾಗವತರು ಗೊತ್ತಾ?

ಇದು ನಮ್ಮ ಊರಿನ ಹುಚ್ಚು ಮಾತ್ರ ಅಂತ ತಿಳಿಯಬೇಡಿ. ನನ್ನ ಅತ್ತೆಯ ಮೊಮ್ಮಗ ಅಮೆರಿಕದಲ್ಲಿ ಇದ್ದಾನೆ, ಅಲ್ಲಿ ಬ್ಯಾಂಜೊ ಕಲಿತಿದ್ದಾನೆ. ನಮ್ಮಲ್ಲಿ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗಕ್ಕೆ ಬ್ಯಾಂಜೊ ಅನ್ನುತ್ತೇವಲ್ಲ, ಅದಲ್ಲ. ಅಲ್ಲಿನದು ದುಂಡು ಚೌಕಟ್ಟಿಗೆ ಚರ್ಮ ಬಿಗಿದು, ಉದ್ದ ಕುತ್ತಿಗೆ ಕೂರಿಸಿ ತಂತಿ ಕಟ್ಟಿದ ವಾದ್ಯ. ಆಫ್ರಿಕಾದಿಂದ ಗುಲಾಮರಾಗಿ ಹೋದವರು ಸೋರೆಬುರುಡೆಗೆ ಚರ್ಮ ಕಟ್ಟಿ ನುಡಿಸುತ್ತಿದ್ದದ್ದೇ ಅದರ ಮೂಲ. 1950ರ ದಶಕದಲ್ಲಿ ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಚರ್ಮ ಕಡಿಮೆಯಾಯಿತು. ಆದರೂ ಕೆಲವರು ಇವತ್ತಿಗೂ ಚರ್ಮವೇ ಬೇಕು ಅನ್ನುತ್ತಾರೆ. ತೇವಕ್ಕೆ ಅವರದ್ದೂ ಜೋತು ಬೀಳುತ್ತದೆ. ಇದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಫೋನಿನಲ್ಲೇ ಅವನ ಬ್ಯಾಂಜೊ ತಟ್ಟಿಸಿ ಸದ್ದು ಕೇಳಿದೆ.

ಅಲ್ಲಿ ಬ್ಯಾಂಜೊದವರು ತಯಾರಕರ ಬಗ್ಗೆ ನಮಗಿಂತಲೂ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರಂತೆ. ಎರಡನೇ ಮಹಾಯುದ್ಧಕ್ಕಿಂತ ಮೊದಲು ಗಿಬ್ಸನ್ ಕಂಪನಿ ಮಾಡಿದ ಬ್ಯಾಂಜೊ ಸಿಕ್ಕರೆ ಹೊಲ ಮನೆ ಮಾರುವ ಜನ ಇದ್ದಾರೆ. ಅರ್ಲ್ ಸ್ಕ್ರಗ್ಸ್ ಅಂತ ಒಬ್ಬ ದೊಡ್ಡ ವಾದಕರಿದ್ದರು, 2012ರಲ್ಲಿ ತೀರಿಕೊಂಡರು. ಅವರ ಹೆಸರಿನ ಜೊತೆ ಗಿಬ್ಸನ್‌ನ ಒಂದು ಗ್ರನಾಡಾ ಬ್ಯಾಂಜೊದ ಹೆಸರೂ ಬರುತ್ತದೆ. ಅದು ಅವರಿಗೆ ಬಂದದ್ದು ಡಾನ್ ರೆನೊ ಅನ್ನುವ ಇನ್ನೊಬ್ಬ ವಾದಕರ ಜೊತೆ ಅದಲುಬದಲು ಮಾಡಿಕೊಂಡು. ನಮ್ಮ ಅಮೆರಿಕದ ಹುಡುಗನದು ಅಷ್ಟು ದೊಡ್ಡ ಕಂಪನಿಯದ್ದಲ್ಲ. ಒಬ್ಬರೇ ಕೂತು ಮಾಡುವವರ ಹತ್ತಿರ ಹೇಳಿ, ಕಾದು, ಮಾಡಿಸಿಕೊಂಡದ್ದು. ಆ ಮನುಷ್ಯ ಮರ ಮುಟ್ಟುವ ಮೊದಲು ಇವನಿಗೆ ಕೇಳಿದ ಪ್ರಶ್ನೆ ಏನು ಗೊತ್ತಾ? “ನೀನು ಉಗುರಿನಲ್ಲಿ ಕೆಳಗೆ ಹೊಡೆದು ನುಡಿಸುವವನಾ, ಬೆರಳಲ್ಲಿ ಮೇಲಕ್ಕೆ ಎಳೆದು ನುಡಿಸುವವನಾ? ಒಬ್ಬನೇ ನುಡಿಸುತ್ತೀಯಾ, ಪಿಟೀಲಿನವರ ಜೊತೆ ಕೂರುತ್ತೀಯಾ?” ನಮ್ಮ ಮೇಸ್ತ್ರಿ ಕೇಳುವ ಪ್ರಶ್ನೆಗಳೇ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡುವುದೂ ಇಲ್ಲ.

ಇದಕ್ಕೆ ಎದುರು ಮಾತು ಇದೆ, ನನಗೆ ಗೊತ್ತು. ಕೂಟ ಮುಗಿದು ಬರುವಾಗ ಕಾರಿನಲ್ಲಿ ಸ್ನೇಹಿತರೊಬ್ಬರು ಅದನ್ನೇ ಎತ್ತಿದರು. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ಪಿಟೀಲು ವಾದಕರಿಗೆ, ಯಾವುದು ಯಾವುದು ಅಂತ ಕಾಣದ ಹಾಗೆ ಕಪ್ಪು ಕನ್ನಡಕ ಹಾಕಿಸಿ, ಬಹಳ ಹೆಸರಾದ ಹಳೇ ಸ್ಟ್ರಾಡಿವೇರಿಯಸ್ ಪಿಟೀಲುಗಳನ್ನೂ ಹೊಸ ಪಿಟೀಲುಗಳನ್ನೂ ಕೊಟ್ಟಿದ್ದರು. ಜಾಸ್ತಿ ಜನರಿಗೆ ಇಷ್ಟವಾದದ್ದು ಒಂದು ಹೊಸ ಪಿಟೀಲು. ಎಲ್ಲಕ್ಕಿಂತ ಕಡಿಮೆ ಇಷ್ಟವಾದದ್ದು ಒಂದು ಸ್ಟ್ರಾಡಿವೇರಿಯಸ್. “ನೋಡಿ, ಎಲ್ಲ ಹೆಸರಿನ ಮಹಿಮೆ” ಅಂದರು ಸ್ನೇಹಿತರು.

ಒಪ್ಪಿದೆ. ಆದರೆ ಸ್ವಾಮಿ, ಆ ಪರೀಕ್ಷೆಯಲ್ಲಿ ಗೆದ್ದದ್ದು ಯಾರು? ಇನ್ನೂರು ಮುನ್ನೂರು ವರ್ಷದ ಹಿಂದಿನ ಹೆಸರನ್ನು ಸೋಲಿಸಿದ್ದು ಈ ಕಾಲದ ಒಬ್ಬರ ಕೈ! ನಾನು ಹೇಳುತ್ತಿರುವುದೂ ಅದನ್ನೇ. ಇಲ್ಲಿ ಹೆಸರು ಯಾರಿಗೆ ಬೇಕು? ನಮ್ಮ ಮೇಸ್ತ್ರಿಯವರ ಹೆಸರು ಮದ್ದಳೆಯ ಮೇಲೆ ಎಲ್ಲೂ ಇಲ್ಲ. ಕೆತ್ತಿಲ್ಲ, ಬರೆದಿಲ್ಲ. ಹತ್ತು ಊರಿನ ಆಚೆ ಅವರು ಯಾರಿಗೂ ಗೊತ್ತಿಲ್ಲ. ಬದುಕಿದ್ದಾರೆ, ಫೋನ್ ಮಾಡಿದರೆ ಎತ್ತುತ್ತಾರೆ, ತಪ್ಪಾದರೆ “ತನ್ನಿ, ಸರಿ ಮಾಡುವಾ” ಅನ್ನುತ್ತಾರೆ. ಅದಕ್ಕೇ ಹೋಗುತ್ತೇವೆ.

ಬೋಲ್ಟು ನಟ್ಟು ಹಾಕಿದ್ದು, ಫೈಬರಿನದ್ದು ಬಂದಿದೆಯಲ್ಲ ಅಂತ ಕೇಳಬಹುದು. ಕಲಿಯುವ ಮಕ್ಕಳಿಗೆ ಆಗಲಿ, ನನ್ನದೇನೂ ತಕರಾರಿಲ್ಲ. ನನಗೆ ಬೇಡ.

ಈಗ ಒಂದು ಸ್ವಂತ ವಿಷಯ. ನಮ್ಮ ದೊಡ್ಡಣ್ಣ ತೀರಿಕೊಂಡ ವರ್ಷ ನಾನು ಮದ್ದಳೆ ಮುಟ್ಟಲಿಲ್ಲ. ಅವನು ಚೆಂಡೆ, ನಾನು ಮದ್ದಳೆ, ಹಾಗೇ ಬೆಳೆದವರು ನಾವು. ಎಡಗಡೆ ಅವನಿಲ್ಲದೆ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಕೂಟದವರು ಕರೆದರು, ನಾನು ಹೋಗಲಿಲ್ಲ. ಆಮೇಲೆ ಕರೆಯುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಮೇಸ್ತ್ರಿಯವರು ಬಸ್ಸಿಳಿದು ನಡೆದುಕೊಂಡು ಮನೆಗೆ ಬಂದರು. ಅದುವರೆಗೆ ಅವರು ನಮ್ಮ ಮನೆಗೆ ಬಂದವರಲ್ಲ. ಚಾ ಕುಡಿದರು. ಅಣ್ಣನ ವಿಷಯ ಎತ್ತಲೇ ಇಲ್ಲ. “ಮದ್ದಳೆ ಎಲ್ಲಿ?” ಅಂದರು. ಕೋಣೆಯಿಂದ ತಂದುಕೊಟ್ಟೆ. ಒಂದು ತಟ್ಟು ತಟ್ಟಿ ಮುಖ ಸಿಂಡರಿಸಿದರು. “ಇದನ್ನು ನಾನು ಕೊಂಡುಹೋಗ್ತೇನೆ ಮಾಷ್ಟ್ರೇ. ತಕೊಂಡು ಹೋಗ್ಲಿಕ್ಕೆ ನೀವೇ ಬನ್ನಿ. ಬೇರೆ ಯಾರನ್ನೂ ಕಳಿಸ್ಬೇಡಿ, ಕೊಡುವುದಿಲ್ಲ.” ನಾನು ಹೋದೆ. ಹೋದಾಗ ಎಂದಿನಂತೆ “ಒಮ್ಮೆ ನುಡಿಸಿ” ಅಂದರು. ನುಡಿಸಿದೆ. ಅವತ್ತಿನಿಂದ ಇವತ್ತಿನವರೆಗೆ ಬಿಟ್ಟಿಲ್ಲ. ಆನ್‌ಲೈನ್‌ನಲ್ಲಿ ತರಿಸಿ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ನನ್ನ ಸಿಟ್ಟು ನಿನ್ನೆಯ ಒಂದು ಮಾತಿನದ್ದು ಮಾತ್ರ ಅಲ್ಲ. ಬಹಳ ಹಳೆಯದು. ನಮ್ಮ ಕರಪತ್ರಗಳನ್ನು ನೋಡಿ. ಭಾಗವತರ ಹೆಸರು ಇದೆ, ಚೆಂಡೆ ಮದ್ದಳೆಯವರ ಹೆಸರು ಇದೆ, ಅರ್ಥಧಾರಿಗಳದ್ದು ಇದೆ, ಚಕ್ರತಾಳದವರದ್ದು ಇದೆ. ಧ್ವನಿವರ್ಧಕದವರ ಹೆಸರು, ಶಾಮಿಯಾನದವರ ಹೆಸರು, ಊಟಕ್ಕೆ ಸಹಾಯ ಮಾಡಿದವರ ಹೆಸರು, ಎಲ್ಲ ಇದೆ. ಆ ಇಡೀ ರಾತ್ರಿ ಕೇಳುವ ನಾದವನ್ನು ಮಾಡಿಕೊಟ್ಟವರ ಹೆಸರು ಮಾತ್ರ ಇಲ್ಲ. ಹಿಮ್ಮೇಳದವರಿಗೆ ಶಾಲು ಹೊದೆಸಿದ್ದು ಎಷ್ಟು ಸಲ ನೋಡಿದ್ದೇವೆ. ಮುಚ್ಚಿಗೆ ಮಾಡುವವರಿಗೆ ಹೊದೆಸಿದ್ದನ್ನು ನಾನು ಕಣ್ಣಾರೆ ನೋಡಿಲ್ಲ.

ಯಾಕೆ ಅಂತ ನಮಗೆಲ್ಲ ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೇ. ಚರ್ಮದ ಕೆಲಸ. ನಾದ ಬೇಕು, ಚರ್ಮ ಹದ ಮಾಡಿದ ಕೈ ಬೇಡ. ದೇವಸ್ಥಾನದ ಒಳಗೆ ಮದ್ದಳೆಗೆ ಜಾಗ ಇತ್ತು, ಅದನ್ನು ಮಾಡಿದವರು ಅಂಗಳದಲ್ಲೇ ನಿಂತು ಕಾಯಬೇಕಾಗಿದ್ದ ಕಾಲ ಇತ್ತು. ಈಗ ಕಾಲ ಬದಲಾಗಿದೆ ಅನ್ನುತ್ತೇವೆ. ಕರಪತ್ರ ಬದಲಾಗಿಲ್ಲ.

ಪಾಲಕ್ಕಾಡ್ ಮಣಿ ಅಯ್ಯರ್ ಎಂಥ ಮೃದಂಗ ವಾದಕರು ಅಂತ ನಮ್ಮ ಕೇರಳದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಮೃದಂಗ ಮಾಡಿಕೊಡುತ್ತಿದ್ದವರು ಪರ್ಲಾಂದು, ತಂಜಾವೂರಿನ ಕಡೆಯವರು. ದಶಕಗಳ ಕಾಲದ ಜೊತೆ ಅದು. ಮಣಿ ಅಯ್ಯರ್ ತಮಗೆ ಬೇಕಾದ ನಾದ ಹೀಗಿರಬೇಕು ಅಂತ ಹೇಳುವುದು, ಪರ್ಲಾಂದು ಚರ್ಮದಲ್ಲಿ ಅದನ್ನು ಹುಡುಕುವುದು, ಸರಿಯಾಗದಿದ್ದರೆ ಮತ್ತೆ ಬಿಚ್ಚಿ ಮಾಡುವುದು. ಮಣಿ ಅಯ್ಯರ್ ತೀರಿಕೊಂಡದ್ದು 1981ರಲ್ಲಿ. ಪರ್ಲಾಂದು ಅನ್ನುವ ಹೆಸರು ಸಂಗೀತ ಕೇಳುವ ಸಾಮಾನ್ಯ ಜನರ ಕಿವಿಗೆ ಬಿದ್ದದ್ದು ತೀರಾ ಇತ್ತೀಚೆಗೆ. ಅಷ್ಟು ದೊಡ್ಡವರ ಜೊತೆಗಾರರ ಕತೆಯೇ ಹೀಗಾದರೆ ನಮ್ಮ ಊರಿನ ಮೇಸ್ತ್ರಿಯವರದ್ದು ಏನು?

ಮಹಾರಾಷ್ಟ್ರದ ಮಿರಜದ ಕಡೆ ನೋಡಿದರೆ ಸ್ವಲ್ಪ ಸಮಾಧಾನವಾಗುತ್ತದೆ. ಧಾರವಾಡದ ಗಾಯಕರು ತಂಬೂರಿಗೆ ಅಲ್ಲಿಗೇ ಹೋಗುತ್ತಾರಲ್ಲ. ಕತ್ತಿ, ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು ವಾದ್ಯದ ಕೆಲಸಕ್ಕೆ ತಿರುಗಿ ತಲೆಮಾರುಗಳೇ ಆದವು. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಊರಿನ ಹೆಸರಾದರೂ ಉಳಿಯಿತು. ನಮ್ಮ ತೆಂಕುತಿಟ್ಟು ಯಕ್ಷಗಾನದ ಚೆಂಡೆ, ಮದ್ದಳೆಗೆ ಅಷ್ಟು ದೊಡ್ಡದನ್ನು ನಾನು ಈಗಲೇ ಕೇಳುತ್ತಿಲ್ಲ. ಕರಪತ್ರದಲ್ಲಿ ಒಂದು ಸಾಲು ಕೇಳುತ್ತಿದ್ದೇನೆ.

ಮುಂದಿನ ತಿಂಗಳ ಕೂಟದ ಕರಪತ್ರದ ಕರಡು ಇವತ್ತು ಬೆಳಗ್ಗೆ ವಾಟ್ಸಾಪಿನಲ್ಲಿ ಬಂತು. ಹಿಮ್ಮೇಳದ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ‘ಮದ್ದಳೆ ತಯಾರಿ’ ಅಂತ ಸೇರಿಸಿ, ಮೇಸ್ತ್ರಿಯವರ ಹೆಸರು ಬರೆದು ವಾಪಸ್ ಕಳಿಸಿದ್ದೇನೆ. ಜಾಗ ಸಾಲದಿದ್ದರೆ ನನ್ನ ಹೆಸರಿನ ಹಿಂದೆ ಮುಂದೆ ಹಾಕುವ ವಿಶೇಷಣಗಳನ್ನು ತೆಗೆಯಿರಿ, ಆ ಸಾಲು ತೆಗೆಯಬೇಡಿ ಅಂತಲೂ ಬರೆದಿದ್ದೇನೆ. ಸಂಘಟಕರು ನೋಡಿದ್ದಾರೆ, ಉತ್ತರ ಬಂದಿಲ್ಲ. ಇದನ್ನು ಓದುತ್ತಿರುವ ಬೇರೆ ಕೂಟದವರೂ, ಮೇಳದವರೂ ನಿಮ್ಮ ಮುಂದಿನ ಕರಪತ್ರಕ್ಕೆ ನಿಮ್ಮ ಚೆಂಡೆ ಮದ್ದಳೆಯವರ ಹತ್ತಿರ ಒಂದು ಮಾತು ಕೇಳಿ ನೋಡಿ. ಅವರ ಮುಚ್ಚಿಗೆ ಯಾರದ್ದು ಅಂತ ಅವರಿಗೆ ಖಂಡಿತ ಗೊತ್ತಿರುತ್ತದೆ.