ಪೆಟ್ರೋಲ್ ಮಾರದ ಬಂಕಿಗೆ ಪೂರ್ಣಕುಂಭ ಸ್ವಾಗತ

ಅಮೆರಿಕದಲ್ಲಿ ಪೆಟ್ರೋಲ್ ಬಂಕೊಂದು ಸರ್ಕಾರದ ಗೌರವಕ್ಕೆ ಪಾತ್ರವಾಗಬೇಕಾದರೆ ಮೊದಲು ಪೆಟ್ರೋಲ್ ಮಾರುವುದನ್ನು ನಿಲ್ಲಿಸುವುದು ಒಳ್ಳೆಯದು. ಮಾರುತ್ತಿರುವವರೆಗೆ ಅದು ಬರೀ ಅಂಗಡಿ. ಅದರ ಪಾಲಿಗೆ ತೆರಿಗೆ, ತಪಾಸಣೆ, ನೋಟಿಸು. ಬಾಗಿಲು ಮುಚ್ಚಿ, ಸೂರು ಸೋರಿ, ಪಂಪಿನ ಗಾಜು ಒಡೆದು, ಸುತ್ತ ಹುಲ್ಲು ಬೆಳೆದ ಮೇಲೆ ಅದು ಪರಂಪರೆ. ವಯಸ್ಸು ಸಾಮಾನ್ಯವಾಗಿ 50 ದಾಟಿರಬೇಕೆಂದು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಯವರು ಬಯಸುತ್ತಾರೆ. ಅಲ್ಲಿಯವರೆಗೆ ಬುಲ್ಡೋಜರಿನ ಕಣ್ಣಿಗೆ ಬೀಳದೆ ಬದುಕಿಕೊಳ್ಳುವುದು ಬಂಕಿನ ಜವಾಬ್ದಾರಿ.

ಈ ಸೂತ್ರದ ಪರಮ ಪ್ರಯೋಗಶಾಲೆ ರೂಟ್ 66. ಶಿಕಾಗೋದಿಂದ ಕ್ಯಾಲಿಫೋರ್ನಿಯಾದ ಕಡಲತಡಿಯವರೆಗೆ ಎಂಟು ರಾಜ್ಯಗಳನ್ನು ಹಾದು ಸುಮಾರು 3,900 ಕಿಲೋಮೀಟರ್ ಹರಿದ ಈ ಹೆದ್ದಾರಿಗೆ ನಂಬರು ಸಿಕ್ಕಿದ್ದು 1926ರ ನವೆಂಬರಿನಲ್ಲಿ. 1956ರಲ್ಲಿ ಫೆಡರಲ್ ಸರ್ಕಾರ, ಅಂದರೆ ಅಲ್ಲಿನ ಕೇಂದ್ರ ಸರ್ಕಾರ, ಇಂಟರ್‌ಸ್ಟೇಟ್ ಎಂಬ ಹೊಸ ಅಂತರರಾಜ್ಯ ವೇಗದ ಹೆದ್ದಾರಿಗಳಿಗೆ ಶೇಕಡಾ 90ರಷ್ಟು ಹಣ ತಾನೇ ಕೊಡುವುದಾಗಿ ಕಾಯ್ದೆ ಮಾಡಿ, ಊರೂರಿನ ಪಕ್ಕದಲ್ಲಿ ಬೈಪಾಸು ಎಳೆದು, 1984ರಲ್ಲಿ ಅರಿಜೋನಾದ ವಿಲಿಯಮ್ಸ್ ಎಂಬ ಕೊನೆಯ ಊರನ್ನೂ ಬದಿಗೆ ಸರಿಸಿತು. ಮರುವರ್ಷ ರಸ್ತೆಯ ನಂಬರೂ ಹೋಯಿತು. ಹೀಗೆ ಅಚ್ಚುಕಟ್ಟಾಗಿ ಕಥೆ ಮುಗಿಸಿದ ಅದೇ ಸರ್ಕಾರ 1999ರಲ್ಲಿ ಅದೇ ರಸ್ತೆಯ ಸಂರಕ್ಷಣೆಗೆಂದು ಇನ್ನೊಂದು ಕಾಯ್ದೆ ಮಾಡಿ, ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಿಂದ ಅನುದಾನ ಹಂಚಿಸಿತು. ಬದುಕಿದ್ದಾಗ ಗಂಜಿ ಕಾಣಿಸದ ಮಗ ತಿಥಿಯ ದಿನ ಎಲೆಗೆ ಎರಡೆರಡು ವಡೆ ಬಡಿಸುವ ಉತ್ಸಾಹವಿದು. 2026ಕ್ಕೆ ರಸ್ತೆಗೆ ನೂರು ವರ್ಷವೆಂದು ಸಂಭ್ರಮಕ್ಕೆ ಶತಮಾನೋತ್ಸವ ಆಯೋಗವೂ ಉಂಟು. ಆ ನೂರರಲ್ಲಿ 41 ವರ್ಷ ರಸ್ತೆ ಅಧಿಕೃತವಾಗಿ ಇರಲೇ ಇಲ್ಲವೆಂಬುದನ್ನು ಸಂಭ್ರಮದ ಮನೆಯಲ್ಲಿ ಎತ್ತಬಾರದು.

ಟೆಕ್ಸಾಸಿನ ಶ್ಯಾಮ್‌ರಾಕ್ ಊರಿನ ಟವರ್ ಸ್ಟೇಷನ್ನನ್ನೇ ನೋಡಿ. 1936ರಲ್ಲಿ ಕಟ್ಟಿದ ಕಾನೊಕೊ ಕಂಪನಿಯ ಬಂಕು. ತಲೆಯ ಮೇಲೆ ಗೋಪುರ, ಗೋಪುರದ ತುದಿಗೆ ಲೋಹದ ಟ್ಯೂಲಿಪ್ ಹೂವು, ಮೈತುಂಬ ನಿಯಾನ್ ದೀಪ, ಮಗ್ಗುಲಲ್ಲಿ ಊಟದ ಹೋಟೆಲು. ಇದರ ನಕ್ಷೆಯನ್ನು ಯಾರೋ ಮೊಳೆಯಿಂದ ಮಣ್ಣಿನ ಮೇಲೆ ಗೀಚಿದ್ದರೆಂದು ಸ್ಥಳಪುರಾಣ. ಮಣ್ಣಿನಲ್ಲಿ ಗೀಚಿದ್ದನ್ನು ಮರಳಿ ನಿಲ್ಲಿಸಲು ಫೆಡರಲ್ ಅನುದಾನವಾಗಿ 17 ಲಕ್ಷ ಡಾಲರ್ ಬಂತು. ಈಗ ಅಲ್ಲಿ ಪ್ರವಾಸಿಗರಿಗೆ ಮಾಹಿತಿ ಸಿಗುತ್ತದೆ, ಫೋಟೋ ಸಿಗುತ್ತದೆ, ಪೆಟ್ರೋಲ್ ಮಾತ್ರ ಸಿಗುವುದಿಲ್ಲ. ಅದರ ಅಂಗಳದಲ್ಲೇ ಟೆಸ್ಲಾ ಕಾರುಗಳಿಗೆ ಚಾರ್ಜರುಗಳನ್ನು ನಿಲ್ಲಿಸಿದ್ದಾರೆ. ಪೆಟ್ರೋಲ್ ಕಾಲದ ವೈಭವ ಕಣ್ತುಂಬಿಕೊಳ್ಳಲು ಪೆಟ್ರೋಲ್ ಕಾರಿನಲ್ಲಿ ಬಂದವನು ಟ್ಯಾಂಕು ತುಂಬಿಸಲು ಬೇರೆ ಕಡೆ ಹೋಗಬೇಕು. ಬ್ಯಾಟರಿ ಕಾರಿನವನು ಮಾತ್ರ ಅಲ್ಲೇ ಠೀವಿಯಿಂದ ಕಾಲು ಚಾಚಬಹುದು.

ಇಲಿನಾಯ್ಸ್‌ನ ಡ್ವೈಟ್ ಊರಿನಲ್ಲಿ 1933ರ ಟೆಕ್ಸಾಕೊ ಬಂಕೊಂದು ಮನೆಯ ಆಕಾರದಲ್ಲಿದೆ. ಬಂಕು ಬಂಕಿನಂತೆ ಕಂಡರೆ ಅಕ್ಕಪಕ್ಕದವರು ಮುಖ ಸಿಂಡರಿಸುತ್ತಾರೆಂದು ಕಂಪನಿಗಳು ಹೆಂಚಿನ ಮನೆಯ ವೇಷ ಹಾಕಿಸುತ್ತಿದ್ದ ಕಾಲವದು. 1999ರವರೆಗೆ, ಅಂದರೆ ಲೆಕ್ಕ ಹಾಕಿ 66 ವರ್ಷ, ಅದು ಪೆಟ್ರೋಲ್ ಮಾರಿತು. ಈಗ ಸಂದರ್ಶಕರ ಕೇಂದ್ರ. ರಸ್ತೆಯ ಭಕ್ತರಂತೂ 66ರ ಫಲಕಗಳನ್ನೇ ಕಿತ್ತು ಮನೆಗೆ ಒಯ್ಯುತ್ತಾರೆ. ಬೇಸತ್ತ ಅಧಿಕಾರಿಗಳು ಹಲವೆಡೆ ಆ ಲಾಂಛನವನ್ನು ಡಾಂಬರಿನ ಮೇಲೆಯೇ ಬಳಿಸಿಬಿಟ್ಟಿದ್ದಾರೆ. ಸದ್ಯಕ್ಕೆ ಡಾಂಬರು ಸುರಕ್ಷಿತ.

ನೆಲದ ಮೇಲಿನದು ಒಂದು ಪರಂಪರೆಯಾದರೆ ನೆಲದೊಳಗಿನದು ಇನ್ನೊಂದು. ಹಳೆಯ ಬಂಕುಗಳ ಕೆಳಗೆ ಹೂತಿಟ್ಟ ಕಬ್ಬಿಣದ ಟ್ಯಾಂಕುಗಳು ತುಕ್ಕು ಹಿಡಿದು, ಪೆಟ್ರೋಲ್ ಅಂತರ್ಜಲಕ್ಕೆ ಇಳಿಯುತ್ತಿತ್ತು. 1998ರ ಡಿಸೆಂಬರಿನೊಳಗೆ ಟ್ಯಾಂಕು ಸುಧಾರಿಸಿ, ಬದಲಿಸಿ, ಇಲ್ಲವೇ ಮುಚ್ಚಿ ಎಂದು ಪರಿಸರ ಇಲಾಖೆ ಗಡುವು ವಿಧಿಸಿತು. ನ್ಯಾಯವಾದ ಆಜ್ಞೆಯೇ. ಆದರೆ ಆ ಖರ್ಚು ತಾಳಲಾರದೆ ಗಂಡ ಹೆಂಡಿರು ನಡೆಸುತ್ತಿದ್ದ ಅದೆಷ್ಟೋ ಸಣ್ಣ ಬಂಕುಗಳು ಬೀಗ ಹಾಕಿದವು. ಬೀಗ ಬಿದ್ದ ಮರುವರ್ಷವೇ ಸಂರಕ್ಷಣೆಯ ಕಾಯ್ದೆ ಬಂದಿದ್ದರಿಂದ, ಒಂದು ಇಲಾಖೆ ಪರಂಪರೆಯನ್ನು ಉತ್ಪಾದಿಸುವುದಕ್ಕೂ ಇನ್ನೊಂದು ಇಲಾಖೆ ಅದನ್ನು ಕಾಪಾಡಲು ಹೊರಡುವುದಕ್ಕೂ ಸೊಗಸಾದ ಹೊಂದಾಣಿಕೆ ಏರ್ಪಟ್ಟಿತು.

ಓಕ್ಲಹೋಮಾದ ಲೂಥರ್ ಬಳಿ ಥ್ರೆಟ್ ಫಿಲಿಂಗ್ ಸ್ಟೇಷನ್ ಎಂಬ ಮರಳುಗಲ್ಲಿನ ಬಂಕಿದೆ. ಸುಮಾರು 1915ರಲ್ಲಿ ಕರಿಯರ ಕುಟುಂಬವೊಂದು ಕಟ್ಟಿ ತಾನೇ ನಡೆಸಿದ್ದು. ಊಟ, ವಸತಿ, ಶೌಚಾಲಯ ಎಲ್ಲಕ್ಕೂ ಬಣ್ಣ ನೋಡಿ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ ಕಪ್ಪು ಪ್ರಯಾಣಿಕರು ಅಂಜದೆ ಗಾಡಿ ನಿಲ್ಲಿಸಬಹುದಾಗಿದ್ದ ಜಾಗ. ಇದು 1995ರಲ್ಲಿ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. 2021ರಲ್ಲಿ ದೇಶದ ಅತ್ಯಂತ ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೂ ಸೇರಿತು. ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಬಡ್ತಿ ಪಡೆಯಲು 26 ವರ್ಷ ಹಿಡಿಯಿತು. ಹಳೆಯ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಹಲುಬಲು ಬಂದವರಿಗೆ ಈ ಬಂಕಿನ ಮುಂದೆ ಫೋಟೋ ತೆಗೆಸಿಕೊಳ್ಳುವುದು ಸ್ವಲ್ಪ ಇರುಸುಮುರುಸು. ಗೋಪುರವಿಲ್ಲ, ಟ್ಯೂಲಿಪ್ಪೂ ಇಲ್ಲ.

ಇಷ್ಟಕ್ಕೂ, ರೂಟ್ 66ನ್ನು ನುಂಗಿದ ಇಂಟರ್‌ಸ್ಟೇಟ್‌ಗೂ 2006ಕ್ಕೆ 50 ತುಂಬುವುದಿತ್ತು. ಪರಂಪರೆಯ ನಿಯಮ ಅದಕ್ಕೂ ಅನ್ವಯಿಸಿದರೆ ಫೆಡರಲ್ ಹಣದಲ್ಲಿ ನಡೆಯುವ ಸೇತುವೆ ಕೆಲಸಕ್ಕೂ ರಸ್ತೆ ಅಗಲೀಕರಣಕ್ಕೂ ಸಂರಕ್ಷಣೆಯ ಪರಿಶೀಲನೆ ಬೇಕಾಗುತ್ತಿತ್ತು. ಆ ಅಪಾಯ ಮೊದಲೇ ಮೂಗಿಗೆ ಬಡಿದು, 2005ರಲ್ಲಿ ಐತಿಹಾಸಿಕ ಸಂರಕ್ಷಣೆಯ ಸಲಹಾ ಮಂಡಳಿಯೇ ಕೆಲವು ವಿಶೇಷ ಸೇತುವೆ, ಸುರಂಗಗಳಂಥವನ್ನು ಬಿಟ್ಟು ಇಡೀ ಇಂಟರ್‌ಸ್ಟೇಟ್ ಜಾಲಕ್ಕೆ ಆ ಪರಿಶೀಲನೆಯಿಂದ ವಿನಾಯಿತಿ ಕೊಟ್ಟಿತು. ಅರ್ಜಿ ಸಮಿತಿಗಳಲ್ಲಿ ವರ್ಷಗಟ್ಟಲೆ ಕೊಳೆಯಲಿಲ್ಲ. ಹುಟ್ಟುಹಬ್ಬಕ್ಕೆ ಮುಂಚೆಯೇ ಕೆಲಸ ಮುಗಿದಿತ್ತು.