ಇಸವಿ ಹಾಕಿ ಮಾತಾಡಿ ಸ್ವಾಮಿ

ನಿನ್ನೆ ಒಂದು ಚರ್ಚಾ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಯಾವ ಕಾಲೇಜು ಅಂತ ಕೇಳಬೇಡಿ, ಶಾಲು ಹೊದಿಸಿ ಒಳ್ಳೆ ಊಟ ಹಾಕಿದ್ದಾರೆ. ವಿಷಯ ರಾಷ್ಟ್ರೀಯತೆ. ಪರವಾಗಿ ಮಾತಾಡಿದ ಮಕ್ಕಳೆಲ್ಲ ಅದು ಸಾವಿರಾರು ವರ್ಷಗಳಿಂದ ನಮ್ಮ ರಕ್ತದಲ್ಲಿ ಹರಿಯುತ್ತಿದೆ ಅಂದರು. ವಿರೋಧವಾಗಿ ಮಾತಾಡಿದವರು ಸಾವಿರಾರು ವರ್ಷಗಳಿಂದ ಮನುಷ್ಯರು ಇದೇ ಹುಚ್ಚಿಗೆ ಬಡಿದಾಡುತ್ತಿದ್ದಾರೆ ಅಂದರು. ಒಬ್ಬರಾದರೂ ಒಂದು ಇಸವಿ ಹೇಳಬೇಕಲ್ವಾ? ಊಹೂಂ. ಪುಲಿಕೇಶಿ, ಅಶೋಕ, ಅಲೆಕ್ಸಾಂಡರ್ ಎಲ್ಲರೂ ರಾಷ್ಟ್ರೀಯವಾದಿಗಳೇ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಭಾಷಣ ಬರೆದುಕೊಟ್ಟ ಮೇಷ್ಟ್ರುಗಳ ಮೇಲಿದೆ. ನಾನೂ ಅದೇ ಕಸುಬಿನವನು ಅನ್ನೋದು ನಿಮಗೆ ಗೊತ್ತಲ್ಲ, ಹಾಗಾಗಿ ಸ್ವಲ್ಪ ಜಾಸ್ತಿನೇ ಇದೆ.

ಹುಟ್ಟಿದ ನೆಲದ ಮೇಲಿನ ಪ್ರೀತಿ ಹಳೆಯದು. ಅದನ್ನು ಯಾರೂ ಇಲ್ಲ ಅನ್ನುತ್ತಿಲ್ಲ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ಬನವಾಸಿಯನ್ನು ನೆನೆದು ಹಾಡಿದ, ಇವತ್ತಿಗೂ ಓದಿದರೆ ಮೈ ಜುಂ ಅನ್ನುತ್ತದೆ. ಆದರೆ ಬನವಾಸಿಯವರಿಗೆ ಬನವಾಸಿಯವರದ್ದೇ ಸರ್ಕಾರ ಬೇಕು, ಅರಿಕೇಸರಿ ಯಾರು ಕೇಳೋಕೆ ಅಂತ ಅವನು ಬರೆದನಾ? ಅಂಥ ಯೋಚನೆಯೇ ಆಗ ಇರಲಿಲ್ಲ. ರಾಷ್ಟ್ರೀಯತೆ ಅನ್ನೋದು ಬರೀ ಪ್ರೀತಿ ಅಲ್ಲ ಸ್ವಾಮಿ, ಅದೊಂದು ರಾಜಕೀಯ ವಾದ. ನಾವೆಲ್ಲ ಒಂದೇ ಜನ, ಆದ್ದರಿಂದ ನಮ್ಮದೇ ಒಂದು ಸರ್ಕಾರ ಇರಬೇಕು, ಆ ಸರ್ಕಾರಕ್ಕೆ ಅಧಿಕಾರ ಬರೋದು ದೇವರಿಂದಲೋ ರಾಜವಂಶದಿಂದಲೋ ಅಲ್ಲ, ನಮ್ಮಿಂದ ಅನ್ನೋ ವಾದ. ಇದಕ್ಕೆ ಇನ್ನೂರೈವತ್ತು ವರ್ಷವೂ ಸರಿಯಾಗಿ ಆಗಿಲ್ಲ.

ಅದಕ್ಕೆ ಮುಂಚೆ ಹೇಗಿತ್ತು ನೋಡಿ. 1768ರಲ್ಲಿ ಇಟಲಿಯ ಕಡೆಯ ಜಿನೋವಾ ಗಣರಾಜ್ಯದವರು ಕಾರ್ಸಿಕಾ ಅನ್ನೋ ಇಡೀ ದ್ವೀಪವನ್ನು ಒಪ್ಪಂದ ಮಾಡಿ ಫ್ರಾನ್ಸಿನ ರಾಜನ ಕೈಗೆ ಕೊಟ್ಟುಬಿಟ್ಟರು. ಅಲ್ಲಿನ ಜನರನ್ನು ಯಾರು ಕೇಳಿದರು? ಹೊಲ ಮಾರುವಾಗ ಅದರೊಳಗಿನ ಇಲಿಗಳನ್ನು ಕೇಳುತ್ತಾರಾ? ಮರುವರ್ಷ ಅದೇ ದ್ವೀಪದಲ್ಲಿ ನೆಪೋಲಿಯನ್ ಹುಟ್ಟಿದ. ಅವನು ಫ್ರೆಂಚ್ ಕಲಿತಿದ್ದೇ ಆಮೇಲೆ, ಶಾಲೆಗೆ ಹೋಗಿ.

1789ರಲ್ಲಿ ಪ್ಯಾರಿಸ್‌ನಲ್ಲಿ ಈ ಆಟ ಕೆಟ್ಟಿತು. ಜೂನ್ 17ರಂದು ಸಾಮಾನ್ಯರ ಪ್ರತಿನಿಧಿಗಳು ನಾವೇ ರಾಷ್ಟ್ರೀಯ ಸಭೆ ಅಂತ ಘೋಷಿಸಿಕೊಂಡರು. ಆಗಸ್ಟ್‌ನಲ್ಲಿ ಬಂದ ಹಕ್ಕುಗಳ ಘೋಷಣೆಯ ಮೂರನೇ ಕಲಮು, ಎಲ್ಲ ಅಧಿಕಾರದ ಮೂಲ ರಾಷ್ಟ್ರದಲ್ಲಿದೆ ಅಂದಿತು. ಮೂರು ವರ್ಷ ಬಿಟ್ಟು, 1792ರ ಸೆಪ್ಟೆಂಬರ್ 20ರಂದು, ವಾಲ್ಮಿಯ ರಣರಂಗದಲ್ಲಿ ಫ್ರೆಂಚ್ ಸೈನಿಕರು ರಾಜನಿಗೆ ಜೈ ಅನ್ನಲಿಲ್ಲ, ರಾಷ್ಟ್ರಕ್ಕೆ ಜೈ ಅಂದರು. ಮರುದಿನವೇ ರಾಜಪ್ರಭುತ್ವ ರದ್ದಾಯಿತು. ನನಗೆ ಈ ಪಾಠ ಮಾಡುವಾಗ ಪ್ರತಿ ವರ್ಷ ಗಂಟಲು ಕಟ್ಟುತ್ತದೆ. ಹಿಂದಿನ ಬೆಂಚಿನವರು ಮೊಬೈಲ್ ನೋಡುತ್ತಿರುತ್ತಾರೆ, ಅದು ಬೇರೆ ವಿಷಯ.

ಹಾಗಾದರೆ ಇದು ಹುಟ್ಟಿದ್ದು ರಾಜನನ್ನು ನೀನ್ಯಾರು ಅಂತ ಕೇಳೋಕೆ. ಇವತ್ತು ಇದೇ ಹೆಸರಿನಲ್ಲಿ ಪ್ರಶ್ನೆ ಕೇಳಿದವನನ್ನೇ ನೀನ್ಯಾರು ಅಂತ ಕೇಳುತ್ತಾರೆ. ಇಸವಿ ಗೊತ್ತಿಲ್ಲದಿದ್ದರೆ ಈ ತಿರುವೇ ಕಾಣೋದಿಲ್ಲ. ನನ್ನ ಹೊಟ್ಟೆಯುರಿ ಇಷ್ಟೇ.

ತಿರುವು ಬರೋಕೆ ಬಹಳ ಕಾಲವೂ ಬೇಕಾಗಲಿಲ್ಲ. 1793ರ ಆಗಸ್ಟ್‌ನಲ್ಲಿ ಹೊಸ ಸರ್ಕಾರ ಇಡೀ ದೇಶವನ್ನೇ ಸೈನ್ಯಕ್ಕೆ ಕರೆಯಿತು. ಯುವಕರು ಯುದ್ಧಕ್ಕೆ ಹೋಗಬೇಕು, ಮದುವೆಯಾದವರು ಆಯುಧ ಮಾಡಬೇಕು, ಹೆಂಗಸರು ಡೇರೆ ಬಟ್ಟೆ ಹೊಲಿಯಬೇಕು. ಮುದುಕರನ್ನೂ ಬಿಡಲಿಲ್ಲ, ಅವರು ಚೌಕಗಳಲ್ಲಿ ಕೂತು ರಾಜರ ಮೇಲೆ ದ್ವೇಷ ಬೋಧಿಸಬೇಕು! 1794ರಲ್ಲಿ ಗ್ರೆಗ್ವಾರ್ ಅನ್ನೋ ಪಾದ್ರಿ ಸಭೆಗೆ ವರದಿ ಕೊಟ್ಟ. ಕನಿಷ್ಠ 60 ಲಕ್ಷ ಜನಕ್ಕೆ ಫ್ರೆಂಚ್ ಬರೋದೇ ಇಲ್ಲ, ಶುದ್ಧವಾಗಿ ಮಾತಾಡೋರು 30 ಲಕ್ಷ ದಾಟೋದಿಲ್ಲ ಅಂತ. ಪರಿಹಾರ ಏನು? ಉಳಿದ ಆಡುಮಾತುಗಳನ್ನು ಅಳಿಸಿಹಾಕೋದು. ರಾಷ್ಟ್ರ ಮೊದಲು ಬಂತು, ಅದಕ್ಕೆ ತಕ್ಕ ಜನರನ್ನು ಆಮೇಲೆ ತಯಾರು ಮಾಡಿದರು. ಮುಂದೆ ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ಶಾಲೆಗಳಲ್ಲಿ, ಅಲ್ಲಿನ ಭಾಷೆಯಾದ ಬ್ರೆಟನ್ ಮಾತಾಡಿದ ಮಗುವಿನ ಕೊರಳಿಗೆ ಮರದ ಚಪ್ಪಲಿ ಕಟ್ಟುತ್ತಿದ್ದರು. ಇನ್ನೊಂದು ಮಗು ಸಿಕ್ಕಿಬೀಳುವವರೆಗೂ ಅದನ್ನು ಹೊತ್ತುಕೊಂಡಿರಬೇಕು. ನಮ್ಮ ಕೆಲವು ಇಂಗ್ಲಿಷ್ ಶಾಲೆಗಳಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಾರಲ್ಲ, ಅವರಿಗೆ ಈ ಐಡಿಯಾ ಕೊಡಬೇಡಿ ದಯವಿಟ್ಟು.

ಇಟಲಿಯ ಕಥೆ ಇನ್ನೂ ಮಜಾ. 1861ರಲ್ಲಿ ದೇಶ ಒಂದಾಯಿತು. ಆದರೆ ಅದನ್ನು ಕಟ್ಟಿದ ಕವೂರ್‌ಗೆ ಇಟಾಲಿಯನ್‌ಗಿಂತ ಫ್ರೆಂಚೇ ಸಲೀಸು. ಮೊದಲ ರಾಜ ವಿಟ್ಟೋರಿಯೋ ಇಮ್ಯಾನುಯೆಲೆ ದಿನಬಳಕೆಗೆ ಮಾತಾಡುತ್ತಿದ್ದದ್ದು ಪಿಯೆಮೊಂಟಿನ ಆಡುಮಾತು. ಇಟಾಲಿಯನ್ ಬಲ್ಲವರು ನೂರಕ್ಕೆ ಹತ್ತು ಜನಕ್ಕಿಂತ ಹೆಚ್ಚಿರಲಿಲ್ಲ ಅನ್ನೋದು ವಿದ್ವಾಂಸರ ಅಂದಾಜು. ರಕ್ತದಲ್ಲಿ ಹರಿಯುತ್ತಿತ್ತಂತೆ!

ಈಗ ನಮ್ಮ ಮಿತ್ರರು ಬರುತ್ತಾರೆ. ಯುರೋಪಿನ ಅಳತೆಗೋಲು ನಮಗ್ಯಾಕೆ ಸಾರ್, ನಮ್ಮಲ್ಲಿ ವಿಷ್ಣುಪುರಾಣದಲ್ಲೇ ಭಾರತದ ವರ್ಣನೆ ಇದೆ, ಕಾವೇರಿಯಿಂದ ಗೋದಾವರಿವರೆಗೆ ಅಂತ ಕವಿರಾಜಮಾರ್ಗ ಹೇಳಿಲ್ವಾ ಅಂತ. ಹೇಳಿದೆ ಮಾರಾಯ್ರೆ, ನಾನೇ ಪಾಠ ಮಾಡುತ್ತೇನೆ. ನೆಲದ ಮೇರೆ ಹೇಳೋದು ಬೇರೆ, ಆ ಮೇರೆಯೊಳಗಿನ ಜನರದ್ದೇ ಒಂದು ಸರ್ಕಾರ ಇರಬೇಕು ಅನ್ನೋದು ಬೇರೆ. ಕಾಶಿಗೆ ನಡೆದುಹೋದ ನಮ್ಮ ಹಿರಿಯರು ದಾರಿಯುದ್ದಕ್ಕೂ ಯಾರ್ಯಾರದ್ದೋ ರಾಜ್ಯದಲ್ಲಿ ಸುಂಕ ಕಟ್ಟಿಕೊಂಡು ಹೋದರು. ಇಡೀ ದಾರಿಗೆ ಒಬ್ಬನೇ ದೊರೆ ಇರಬೇಕು ಅಂತ ಅವರ್ಯಾರೂ ಹಟ ಹಿಡಿಯಲಿಲ್ಲ. ಮುಂಬಯಿ, ಮದರಾಸು, ನಿಜಾಮನ ಸೀಮೆ, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದು ಅನ್ನೋಕೆ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆಯಬೇಕಾಯಿತು. ಧಾರವಾಡದಲ್ಲಿ ಸಂಘ ಕಟ್ಟಬೇಕಾಯಿತು, ಪತ್ರಿಕೆ ಬೇಕಾಯಿತು, ಕನ್ನಡ ಶಾಲೆಗಳಿಗೆ ಡೆಪ್ಯುಟಿ ಚನ್ನಬಸಪ್ಪನಂಥವರು ಬೇಕಾದರು. 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ತಾನಾಗೇ ಹರಿಯೋದಿದ್ದರೆ ಇಷ್ಟೆಲ್ಲ ಪಾಡು ಯಾಕೆ? ಪಾಪ, ಅವರೆಲ್ಲ ಸುಮ್ನೆ ಬೆವರು ಹರಿಸಿದರಾ?

ಇನ್ನು ಆ ಕಡೆಯ ಗೆಳೆಯರು. ಹೊಸದು ಅಂದ ತಕ್ಷಣ ನೋಡಿದ್ರಾ, ಎಲ್ಲ ಸುಳ್ಳು, ಕಟ್ಟುಕಥೆ ಅಂತ ಕುಣಿಯಬೇಡಿ. ಹೊಸದಾದ ಮಾತ್ರಕ್ಕೆ ಸುಳ್ಳಾಗೋದಿಲ್ಲ. ಮತದಾನವೂ ಹೊಸದೇ. ಈ ವಾದ ಇಲ್ಲದಿದ್ದರೆ ಬ್ರಿಟಿಷರನ್ನು ಯಾವ ಮಾತಿನಿಂದ ಹೊರಗೆ ಕಳಿಸುತ್ತಿದ್ದೆವು? ನನ್ನನ್ನೇ ನೋಡಿ. ಇಷ್ಟೆಲ್ಲ ಓದಿಕೊಂಡಿದ್ದೇನೆ, ಆದರೂ ಜನಗಣಮನ ಶುರುವಾದರೆ ಕಣ್ಣು ಒದ್ದೆಯಾಗುತ್ತದೆ, ವಿಶ್ವಕಪ್ ಸೋತರೆ ರಾತ್ರಿ ಊಟ ಸೇರೋದಿಲ್ಲ. ಮನೆಯವಳು ನಗುತ್ತಾಳೆ.

ಆ ಮಕ್ಕಳಿಗೆ ನಾನು ಹೇಳಬೇಕು ಅಂದುಕೊಂಡದ್ದು ರೆನಾನ್ ಅನ್ನೋ ಫ್ರೆಂಚ್ ವಿದ್ವಾಂಸನ ಕಥೆ. ಮೈಕ್ ಸಿಗಲಿಲ್ಲ, ಮುಖ್ಯ ಅತಿಥಿಗಳು ಬಿಟ್ಟುಕೊಡಲಿಲ್ಲ. 1871ರಲ್ಲಿ ಜರ್ಮನಿ ಫ್ರಾನ್ಸಿನಿಂದ ಅಲ್ಸಾಸ್ ಅನ್ನೋ ಗಡಿ ಸೀಮೆಯನ್ನು ಕಿತ್ತುಕೊಂಡಿತು. ಅಲ್ಲಿನವರು ಜರ್ಮನ್ ಥರದ ಮಾತಾಡುತ್ತಾರೆ, ಆದ್ದರಿಂದ ಅವರು ನಮ್ಮವರು ಅನ್ನೋದು ಜರ್ಮನರ ವಾದ. 1882ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ರೆನಾನ್ ಎದ್ದು ನಿಂತು ಹೇಳಿದ: ಭಾಷೆ, ರಕ್ತ, ಧರ್ಮ ಇವ್ಯಾವೂ ರಾಷ್ಟ್ರವನ್ನು ತೀರ್ಮಾನಿಸೋದಿಲ್ಲ, ಒಟ್ಟಿಗೆ ಇರಬೇಕು ಅನ್ನೋ ಮನಸ್ಸು ತೀರ್ಮಾನಿಸುತ್ತದೆ, ಅದು ದಿನದಿನವೂ ನಡೆಯುವ ಜನಮತ. ಎಷ್ಟು ಚೆಂದದ ಮಾತು! ಅದರ ಹಿಂದಿನ ವರ್ಷವಷ್ಟೇ ಫ್ರಾನ್ಸ್ ಟುನೀಶಿಯಾವನ್ನು ಹಿಡಿದಿತ್ತು. ಅಲ್ಲಿನವರ ಮನಸ್ಸನ್ನು ಯಾರೂ ಕೇಳಿರಲಿಲ್ಲ.

1918ರಲ್ಲಿ ಅಲ್ಸಾಸ್ ಮತ್ತೆ ಫ್ರಾನ್ಸಿನ ಕೈಗೆ ಬಂತು. ಈಗಲಾದರೂ ಜನಮತ ಕೇಳಬೇಕಿತ್ತಲ್ವಾ? ಕೇಳಲಿಲ್ಲ. ಬದಲಿಗೆ ನಿನ್ನ ಅಪ್ಪ ಅಮ್ಮ ಎಲ್ಲಿಯವರು ಅಂತ ವಿಚಾರಿಸಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆಯ ಗುರುತಿನ ಚೀಟಿ ಹಂಚಿದರು. ಡಿ, ಅಂದರೆ ಜರ್ಮನ್ ಮೂಲ ಅಂತ ಬಂದವರಲ್ಲಿ ಬಹಳ ಜನ ಗಂಟುಮೂಟೆ ಕಟ್ಟಿಕೊಂಡು ರೈನ್ ನದಿ ದಾಟಿ ಜರ್ಮನಿಗೆ ಹೋಗಬೇಕಾಯಿತು.

ಸರಿ, ಕಾಮೆಂಟಿನಲ್ಲಿ ಬೈಯೋರು ಧಾರಾಳವಾಗಿ ಬೈಯಿರಿ. ಇಸವಿ ಹಾಕಿ ಬೈಯಿರಿ, ಅಷ್ಟೇ.